ಮೂರನೇ ಗಾಳಿದಾರಿ

ಹೆಡ್ಲಿ ಪಾರ್ಜಿಟರ್‌ನ ಬೆರಳ ತುದಿಗಳು ಸತ್ತು ಎರಡು ಚಳಿಗಾಲ ಕಳೆದಿದ್ದವು. ಇದು ಗೊತ್ತಿದ್ದದ್ದು ಹೆಂಡತಿ ಗ್ಲೆನಿಸ್‌ಗೆ ಒಬ್ಬಳಿಗೇ. ಅವಳಿಗೂ ಅವನಾಗಿ ಹೇಳಿದ್ದಲ್ಲ. ಬೆಳಿಗ್ಗೆ ಕಿಟಕಿಯ ಕಡೆ ಮುಖ ಮಾಡಿ ಅಂಗಿಯ ಗುಂಡಿಗಾಗಿ ತಡಕಾಡುತ್ತಿದ್ದವನನ್ನು ನೋಡಿ, ಒಂದು ದಿನ ಸುಮ್ಮನೆ ಬಂದು ತಾನೇ ಹಾಕಿದಳು. ಅಂದಿನಿಂದ ದಿನಾ ಅವಳೇ ಹಾಕುತ್ತಿದ್ದಳು, ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ.

ಜೀವಮಾನವೆಲ್ಲ ಗ್ರೈಂಡರ್ ಹಿಡಿದ ಕೈ ಅದು. ಯಂತ್ರದ ನಡುಕ ಮೊದಲು ಬೆರಳನ್ನು ಬೆಳ್ಳಗೆ ಮಾಡುತ್ತದೆ, ಆಮೇಲೆ ಜೋಮು ಹಿಡಿಸುತ್ತದೆ, ಕೊನೆಗೆ ಸ್ಪರ್ಶವನ್ನೇ ಒಯ್ದುಬಿಡುತ್ತದೆ. ಹಳೆಯ ಸ್ಪೋರ್ಟ್ಸ್ ಕಾರುಗಳಿಗೆ ಬಲ ತುಂಬುವುದು ಹೆಡ್ಲಿಯ ಕಸುಬು. ಎಂಜಿನ್ನಿನ ಮೇಲೆ ಮುಚ್ಚಳದ ಹಾಗೆ ಕೂರುವ ಎರಕದ ಕಬ್ಬಿಣದ ಗಟ್ಟಿ ಇದೆಯಲ್ಲ, ಹೆಡ್ಡು, ಅದರೊಳಗೆ ಗಾಳಿ ಹೋಗುವ ದಾರಿಗಳಿವೆ. ಎರಕ ಹೊಯ್ದವರು ಅವನ್ನು ಒರಟಾಗಿ, ಇಕ್ಕಟ್ಟಾಗಿ ಬಿಟ್ಟಿರುತ್ತಾರೆ. ಕೊರೆದು, ಅಗಲಿಸಿ, ತಿರುವುಗಳನ್ನು ನಯ ಮಾಡಿದರೆ ಎಂಜಿನ್ ಎದೆ ತುಂಬ ಉಸಿರೆಳೆಯುತ್ತದೆ. ಆದರೆ ಗೋಡೆಯ ಆಚೆಗೇ ಎಂಜಿನ್ ತಂಪಾಗಿಡುವ ನೀರು. ಕೂದಲೆಳೆಯಷ್ಟು ಹೆಚ್ಚು ಕೊರೆದರೂ ಕೆಟ್ಟಿತು. ಎಲ್ಲಿ ನಿಲ್ಲಿಸಬೇಕೆಂದು ಕಣ್ಣಿಗೆ ಕಾಣುವುದಿಲ್ಲ. ಬೆರಳೇ ಹೇಳಬೇಕು.

ವಸಂತ ಕಾಲಿಟ್ಟ ಹೊತ್ತಿನಲ್ಲಿ ರಾಯ್‌ಸ್ಟನ್ ಬಂದ. ಹೆಡ್ಲಿಯ ಬಾಲ್ಯದ ಗೆಳೆಯ, ಎರಕದ ಕಾರ್ಖಾನೆಯಲ್ಲಿ ದುಡಿದು ಎದೆ ತುಂಬ ಧೂಳು ತುಂಬಿಕೊಂಡವನು. ಮೂಗಿಗೊಂದು ಸಪೂರ ನಳಿಗೆ, ಹಿಂದೆ ಗಾಲಿಯ ಮೇಲೆ ಉರುಳಿಕೊಂಡು ಬರುವ ಆಮ್ಲಜನಕದ ಸಿಲಿಂಡರ್.

"ಏನೋ ಇದು, ನಾಯಿಮರಿ ಸಾಕಿದೀಯಾ?" ಅಂದ ಹೆಡ್ಲಿ.

"ಟರ್ಬೊ ಕಣೋ. ಡಾಕ್ಟ್ರು ಹಾಕ್ಕೊಟ್ರು." ರಾಯ್‌ಸ್ಟನ್ ಬಾಗಿಲಿಗೊರಗಿ ಉಸಿರು ಕೂಡಿಸಿಕೊಂಡ. "ನನ್ ಕಾರಿಗೆ ಯಾವತ್ತೂ ಬೇಡ ಅಂದಿದ್ದೆ. ಬಂದು ನನ್ ಮೂಗಿಗೇ ಸಿಕ್ಕಿಹಾಕ್ಕೊಳ್ತು."

ಅವನ ಕಾರಿಗೆ ಅವನಿಗಿಂತ ಬರೀ ಹತ್ತು ವರ್ಷ ಕಮ್ಮಿ ವಯಸ್ಸು. ಹಸಿರು ಬಣ್ಣ, ಎರಡೇ ಸೀಟು, ಮೇಲೆ ಚಾವಣಿ ಇಲ್ಲ. ಪ್ರತಿ ಶರತ್ಕಾಲ ಹ್ಯಾಜ್‌ಲೋ ಗುಡ್ಡದ ಮೇಲೆ ಹಳೇ ಕಾರುಗಳ ಕ್ಲಬ್ಬಿನವರ ಏರೋಟ, ಅಂದರೆ ಗುಡ್ಡ ಹತ್ತುವ ಪಂದ್ಯ, ನಡೆಯುತ್ತದೆ. ಕಿರಿದಾದ ಡಾಂಬರು ರಸ್ತೆ, ಒಂದು ಸಲಕ್ಕೆ ಒಂದೇ ಕಾರು, ಎದುರಾಳಿ ಗಡಿಯಾರ. ಗಾಳಿಯನ್ನು ಒತ್ತಾಯದಿಂದ ತುಂಬುವ ಟರ್ಬೊ ಹಾಕಿದವರಿಗೆ ಬೇರೆಯೇ ಪಂಕ್ತಿ. ತನ್ನ ಎದೆಯಿಂದಲೇ ಉಸಿರಾಡುವ ಹಳೇ ಕಾರುಗಳ ಪಂಕ್ತಿಯಲ್ಲಿ ರಾಯ್‌ಸ್ಟನ್ ಮೊದಲಿನಿಂದಲೂ ಇದ್ದ. ಆದರೆ ಆ ಗುಡ್ಡವನ್ನು ನಲವತ್ತು ಸೆಕೆಂಡಿನೊಳಗೆ ಏರುವುದು ಒಂದು ಸಲವೂ ಅವನಿಂದ ಆಗಿರಲಿಲ್ಲ.

"ಮುಂದಿನ ವರ್ಷ ನನ್ ಲೈಸೆನ್ಸಿಗೆ ಯಾವ ಡಾಕ್ಟ್ರೂ ಸಹಿ ಹಾಕಲ್ಲ," ಅಂದ. "ಈ ಸಲಾನೇ ಕೊನೆ. ಒಂದೇ ಒಂದು ಸಲ ಹೆಡ್ಲಿ, ಮೂವತ್ತೊಂಬತ್ತು ಅಂತ ಮೈಕಿನಲ್ಲಿ ಕೂಗ್ಬೇಕು. ಇನ್ನೊಂದು ಹನ್ನೆರಡು ಕುದುರೆ ಬಲ ಕೊಡು ಸಾಕು. ಹೆಡ್ಡು ಬಿಚ್ಚಿಸಿ ತಂದಿದೀನಿ, ಹುಷಾರಾಗಿ ನೋಡ್ಕೋ. ಇಂಥದ್ದು ಇನ್ನೆಲ್ಲೂ ಸಿಗಲ್ಲ, ಹುಡುಕಿ ಸುಸ್ತಾದೆ."

ಹೇಳಬೇಕಾದದ್ದು ಆಗಲೇ. ಮಾತು ಹೆಡ್ಲಿಯ ನಾಲಗೆಯ ತನಕ ಬಂತು ಕೂಡ. ಆದರೆ ಬಾಯಿಂದ ಹೊರಬಿದ್ದದ್ದು ಬೇರೆ: "ಬಿಡು, ನಾನೇ ಇಳಿಸ್ಕೋತೀನಿ. ಚಹಾ ಕುಡೀತೀಯಾ?"

ಗ್ಲೆನಿಸ್ ಅಂದು ಊಟಕ್ಕೆ ಕುರಿಮಾಂಸದ ಸ್ಟ್ಯೂ ಬಡಿಸುತ್ತ ಮಾತು ತೆಗೆದಳು. "ಲಯನೆಲ್ ಹತ್ರ ಗೋಡೆ ದಪ್ಪ ಅಳೆಯೋ ಯಂತ್ರ ಇದೆಯಂತಲ್ಲ. ಒಂದಿನಕ್ಕೆ ಇಸ್ಕೊಂಡು ಬಾ."

"ಯಾರು, ಲಯನೆಲ್?"

"ನಿಂಗೆ ಇನ್ನೆಷ್ಟು ಜನ ಲಯನೆಲ್ ಗೊತ್ತು?"

ಹೆಡ್ಲಿ ಬ್ರೆಡ್ಡು ಮುರಿದ. ಕ್ಲಬ್ಬಿನಲ್ಲಿ ಇವನ ಕಸುಬೇ ಮಾಡುವ ಇನ್ನೊಬ್ಬನೆಂದರೆ ಈ ಲಯನೆಲ್. ಅವನು ಆ ಯಂತ್ರ ತಂದ ವರ್ಷ, ತುಂಬಿದ ಪಬ್ಬಿನಲ್ಲಿ ಹೆಡ್ಲಿ ಎದ್ದು ನಿಂತು, 'ನೋಡ್ರಪ್ಪಾ, ಬೆರಳಿಗೆ ಕನ್ನಡಕ ಹಾಕ್ಕೊಂಡವ್ನು ಬಂದ' ಅಂದಿದ್ದ. ನಗು ಸೂರು ಹಾರಿಸಿತ್ತು. ಹೆಸರು ಹಾಗೇ ಅಂಟಿಕೊಂಡಿತು. ಈಗಲೂ ಲಯನೆಲ್‌ನನ್ನು ಎಲ್ಲರೂ ಕರೆಯುವುದು 'ಕನ್ನಡಕ' ಅಂತಲೇ. ಈ ಕಸುಬಿನ ಹಳಬರಲ್ಲಿ ಒಂದು ಜಂಬವಿದೆ: ಗೋಡೆಯನ್ನು ಅಳೆದು ಕೊರೆಯುವವನು ಕಸುಬುದಾರನಲ್ಲ. ಆ ಜಂಬಕ್ಕೆ ಬಾಯಿಯಾದವನೇ ಹೆಡ್ಲಿ. ಈಗ ಯಾವ ಮುಖ ಹೊತ್ತು ಅವನ ಬಾಗಿಲು ತಟ್ಟುವುದು?

"ಬೇಕಾಗಿಲ್ಲ," ಅಂದ.

"ಬೇಕಾಗಿಲ್ಲ ಅನ್ನೋನು ಸ್ವಲ್ಪ ಚಮಚ ನೆಟ್ಟಗೆ ಹಿಡ್ಕೋ," ಅಂದಳು ಅವಳು. ಮತ್ತೆ ಆ ಮಾತು ತೆಗೆಯಲಿಲ್ಲ.

ಮೊದಲ ಎರಡು ದಾರಿಗಳು ಕೈಯ ಹಳೇ ರೂಢಿಯ ಮೇಲೆ ಸಾಗಿದವು. ಮೂರನೆಯದರಲ್ಲಿ ಮೇಲ್ಗೋಡೆಯ ತಿರುವಿಗೆ ಬಂದಾಗ ಗ್ರೈಂಡರಿನ ಸ್ವರ ಒಂಚೂರು ಏರಿತು. ಹೆಡ್ಲಿ ನಿಲ್ಲಿಸಿದ. ಬೆರಳು ಒಳಗಿಟ್ಟು ಕಣ್ಣು ಮುಚ್ಚಿದ. ತೆಳುವಾದ ಕಬ್ಬಿಣ ಬೆರಳಿಗೆ ಬೇರೆಯೇ ಥರ ಕಾಣಬೇಕು. ಅದನ್ನು ಮಾತಿನಲ್ಲಿ ಹೇಳುವುದು ಕಷ್ಟ, ಅವನಿಗೆ ಯಾವತ್ತೂ ಹೇಳಬೇಕಾಗಿಯೂ ಬಂದಿರಲಿಲ್ಲ. ಈಗ ಏನೂ ಕಾಣಲಿಲ್ಲ. ಉಣ್ಣೆಯ ಕೈಗವಸು ತೊಟ್ಟು ಯಾರದೋ ಮುಖ ತಡವಿದ ಹಾಗಿತ್ತು. ಬೇರೆ ದಾರಿಗಳಿಗೆ ಸರಿಸಮ ಆಗಲಿ ಎಂದು ಇನ್ನೊಂದೇ ಸಲ ನಯವಾಗಿ ಎಳೆದ.

ಹೆಡ್ಡಿನ ಬಾಯಿಗಳನ್ನೆಲ್ಲ ಬಿಗಿದು, ನೀರು ತುಂಬಿ, ಒತ್ತಡ ಕೊಟ್ಟು ನೋಡಿದ. ಒಂದು ಹನಿಯೂ ಜಿನುಗಲಿಲ್ಲ. ತಣ್ಣನೆಯ ನೀರು, ಓಡುವ ಎಂಜಿನ್ನಿನ ಕಾವು ಅದರಲ್ಲಿರಲಿಲ್ಲ. 'ನೋಡಿದೆಯಾ' ಎಂದು ತನಗೆ ತಾನೇ ಹೇಳಿಕೊಂಡ, ಯಾರೋ ವಾದಕ್ಕೆ ನಿಂತವರಿಗೆ ಹೇಳಿದ ಹಾಗೆ.

ಬೇಸಿಗೆಯಲ್ಲಿ ಇಬ್ಬರೂ ಸೇರಿ ಎಂಜಿನ್ ಕಟ್ಟಿದರು. ಗಾಳಿಯ ಬಾಗಿಲುಗಳು ಹೆಚ್ಚು ಹೊತ್ತು ತೆರೆದಿರುವಂತೆ ಬೇರೆ ಕ್ಯಾಮ್ ದಂಡ, ದೊಡ್ಡ ಕಾರ್ಬುರೇಟರುಗಳು, ಹೊಗೆ ತಡೆಯಿಲ್ಲದೆ ಹೊರಡುವ ಕೊಳವೆ. ರಾಯ್‌ಸ್ಟನ್ ಸ್ಟೂಲಿನ ಮೇಲೆ ಕೂತು ಬೋಲ್ಟು ಎತ್ತಿಕೊಡುತ್ತ, ನಡುನಡುವೆ ಸಿಲಿಂಡರಿನಿಂದ ಉಸಿರೆಳೆಯುತ್ತ, ಎಲ್ಲದಕ್ಕೂ ಕೊಂಕು ತೆಗೆಯುತ್ತಿದ್ದ. ರೋಲರಿನ ಮೇಲೆ ಓಡಿಸಿ ಅಳೆದಾಗ ಹದಿನಾಲ್ಕು ಕುದುರೆ ಹೆಚ್ಚು ಬಂದಿತ್ತು.

"ಹನ್ನೆರಡು ಕೇಳಿದ್ದೆ," ಅಂದ ರಾಯ್‌ಸ್ಟನ್. "ಎರಡು ವಾಪಸ್ ತಗೋ." ಆದರೆ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.

ಏರೋಟದ ದಿನ ಬೆಳಿಗ್ಗೆ, ಕಾರುಗಳಿನ್ನೂ ಮಲಗಿರುವಾಗ, ಓಡಿಸುವವರೆಲ್ಲ ಗುಡ್ಡವನ್ನು ಕಾಲ್ನಡಿಗೆಯಲ್ಲಿ ಏರುತ್ತಾರೆ. ಎಲ್ಲಿ ಒದ್ದೆ, ಎಲ್ಲಿ ಎಲೆ, ಎಲ್ಲಿ ಜಲ್ಲಿ ಎದ್ದಿದೆ, ಕಾಲಿಂದ ತಿಳಿದುಕೊಳ್ಳಬೇಕು. ಈ ಸಲ ರಾಯ್‌ಸ್ಟನ್‌ಗೆ ಅದು ಸಾಧ್ಯವಿರಲಿಲ್ಲ. ಹೆಡ್ಲಿಯೇ ಹೋಗಿ ಬಂದು, ಹಂದಿಮಾಂಸದ ಬನ್ನು ತಿನ್ನುತ್ತಿದ್ದವನ ಪಕ್ಕ ಕೂತು ಒಪ್ಪಿಸಿದ. "ಆ ದೊಡ್ಡ ಮರದ ಕೆಳಗೆ ಹಸಿ ಇದೆ. ಎಡಕ್ಕೆ ಹೋಗ್ಬೇಡ. ಮೇಲಿನ ತಿರುವು ಒಣಗಿದೆ, ಅಲ್ಲಿ ಧೈರ್ಯ ಮಾಡು."

"ನಿನ್ ಕಾಲು ನಂಬ್ತೀನಿ," ಅಂದ ರಾಯ್‌ಸ್ಟನ್.

ಬೆಳಗಿನ ಅಭ್ಯಾಸದ ಓಟಕ್ಕೆ ಅವನು ನಳಿಗೆ ಬಿಚ್ಚಿ ಹೆಡ್ಲಿಯ ಕೈಗಿತ್ತು, ಹೆಲ್ಮೆಟ್ ಹಾಕಿಕೊಂಡು ಹೋದ. ಹಸಿರು ಕಾರು ಮೊದಲ ತಿರುವು ದಾಟಿದಾಗಿನ ಸದ್ದು ಕೇಳಿ ಬೇಲಿಯ ಬಳಿ ನಿಂತವರು ಚಹಾದ ಲೋಟ ಇಳಿಸಿದರು. ಮೈಕಿನವನು ಮೂವತ್ತೊಂಬತ್ತು ಚಿಲ್ಲರೆ ಅಂತ ಕೂಗಿದ. ಆದರೆ ಅಭ್ಯಾಸದ ಓಟ ಲೆಕ್ಕಕ್ಕಿಲ್ಲ. ಮಧ್ಯಾಹ್ನದ್ದೇ ಓಟ, ಉಳಿದದ್ದು ಗಾಳಿಮಾತು. ರಾಯ್‌ಸ್ಟನ್ ಕೆಳಗೆ ಬಂದು, ನಳಿಗೆ ಮೂಗಿಗೇರಿಸಿಕೊಂಡು, ಉಸಿರು ಸುಧಾರಿಸಿಕೊಳ್ಳುತ್ತ ಹೆಡ್ಲಿಯ ತೋಳು ಹಿಡಿದು ಕೂತಿದ್ದ. ಹಾಗೆ ಹಿಡಿದದ್ದು ಹೆಡ್ಲಿಗೆ ಚೆನ್ನಾಗಿ ತಿಳಿಯುತ್ತಿತ್ತು. ತೋಳಿನಲ್ಲಿ ಜೀವ ಇತ್ತು.

ಊಟದ ನಂತರ ಕಾರುಗಳು ಸಾಲುಗಟ್ಟಿದವು. ಹಸಿರು ಕಾರಿನ ಮುಂದೆ ಇನ್ನು ಎರಡೇ ಕಾರು. ಆಗ ಅದರ ಹೊಗೆ ಬೆಳ್ಳಗಾಯಿತು. ಮೊದಲು ತೆಳ್ಳಗೆ, ಆಮೇಲೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ದಟ್ಟವಾಗಿ. ಎಂಜಿನ್ ಒಮ್ಮೆ ಬಿಕ್ಕಿತು, ಎರಡು ಸಲ ಬಿಕ್ಕಿತು, ಸುಮ್ಮನಾಯಿತು. ಗೋಡೆ ಸೀಳಿ ನೀರು ಒಳಗೆ ನುಗ್ಗಿದೆ ಎಂದು ಹೆಡ್ಲಿಗೆ ಬಾನೆಟ್ ಎತ್ತುವ ಮೊದಲೇ ಗೊತ್ತಾಗಿತ್ತು. ಮೈಕಿನಲ್ಲಿ ಅವರ ನಂಬರು ಹೇಳಿ, 'ಓಡುತ್ತಿಲ್ಲ' ಎಂದು ಮುಂದಿನವರ ಹೆಸರಿಗೆ ಹೋದರು.

ಕಾರನ್ನು ನೂಕಿ ಬದಿಗೆ ತರುವುದಕ್ಕೆ ಕೈಕೊಟ್ಟವರಲ್ಲಿ ಲಯನೆಲ್ ಕೂಡ ಇದ್ದ. ಕಾರ್ಬುರೇಟರು ಬಿಚ್ಚಲು ತನ್ನ ಸ್ಪ್ಯಾನರು, ಟಾರ್ಚು ಕೊಟ್ಟ. ಆಮೇಲೆ ದೂರ ಹೋಗಿ ನಿಂತ. ಬೈದಿದ್ದರೆ ಹೆಡ್ಲಿಗೆ ಹಗುರವಾಗುತ್ತಿತ್ತು.

ರಾಯ್‌ಸ್ಟನ್ ಮೂರನೇ ದಾರಿಯೊಳಗೆ ಬೆರಳು ಹಾಕಿದ. ಎರಕದವನ ಬೆರಳು, ಕಬ್ಬಿಣದ ಜೊತೆ ಬೆಳೆದದ್ದು. "ಇಲ್ಲಿದೆ. ಬಿರುಕು ಬಿಟ್ಟಿದೆ. ಅಂಚು ಬ್ಲೇಡಿನ ಹಾಗಿದೆ." ಹೆಡ್ಲಿಯ ಕೈ ಹಿಡಿದು ಒಳಗೆ ನಡೆಸಿದ. "ಸಿಕ್ತಾ?"

"ಹೂಂ," ಅಂದ ಹೆಡ್ಲಿ. "ಸಿಕ್ತು."

"ಚೂಪಾಗಿದೆ ಅಲ್ವಾ?"

"ಚೂಪಾಗಿದೆ."

ರಾಯ್‌ಸ್ಟನ್ ಅವನ ಕೈ ಬಿಡಲಿಲ್ಲ. "ಬಿರುಕಿರೋದು ಮೇಲ್ಗೋಡೆಲಿ ಕಣೋ. ನಿನ್ ಬೆರಳು ಕೆಳಗಿದೆ. ನಾನೇ ಅಲ್ಲಿಟ್ಟೆ."

ಮೇಲೆ ಗುಡ್ಡದಲ್ಲಿ ಯಾರದೋ ಕಾರು ಕೂಗುತ್ತ ಏರಿಹೋಯಿತು.

"ಎಷ್ಟು ದಿನದಿಂದ?"

"ಎರಡು ಚಳಿಗಾಲ ಆಯ್ತು."

"ನಂಗೆ ಹೇಳ್ಲಿಲ್ಲ."

"ಹೇಳಿದ್ರೆ ನೀನು ಲಯನೆಲ್ ಹತ್ರ ಹೋಗ್ತಿದ್ದೆ."

"ಹೋಗ್ತಿದ್ದೆ." ರಾಯ್‌ಸ್ಟನ್ ನಳಿಗೆ ಸರಿಮಾಡಿಕೊಂಡ. ಒಂದೊಂದು ಮಾತಿಗೂ ಉಸಿರು ಹುಡುಕಬೇಕಿತ್ತು. "ನೀನೂ ಜೊತೆಗೆ ಬರ್ತಿದ್ದೆ. ಪಕ್ಕದಲ್ಲಿ ನಿಂತ್ಕೊಂಡು ಅವ್ನು ಮಾಡಿದ್ದಕ್ಕೆಲ್ಲ ತಪ್ಪು ಹುಡುಕ್ತಿದ್ದೆ. ನಾನು ಸ್ಟೂಲ್ ಮೇಲೆ ಕೂತು ನಗ್ತಿದ್ದೆ. ಅಷ್ಟೇ ತಾನೇ ಆಗ್ತಿದ್ದಿದ್ದು?"

ಹೆಡ್ಲಿ ಸ್ಪ್ಯಾನರನ್ನು ಒರೆಸಿ ಕೆಳಗಿಟ್ಟ. ಅಷ್ಟೇ ಆಗುತ್ತಿತ್ತು, ನಿಜ.

ಕಾರನ್ನು ಟ್ರೇಲರಿಗೆ ಏರಿಸಿ ಬಿಗಿದರು. ದಾರಿಯುದ್ದಕ್ಕೂ ವ್ಯಾನಿನೊಳಗೆ ಸಿಲಿಂಡರ್ ಸುಯ್ಯೆನ್ನುತ್ತಿತ್ತು. ಬಿತ್ತನೆಗೆ ಉತ್ತ ಹೊಲಗಳು ಕಪ್ಪಗೆ ಹಿಂದೆ ಹಿಂದೆ ಸರಿದವು. ರಾಯ್‌ಸ್ಟನ್‌ನ ಮನೆ ಬಂದಾಗ ಹೆಡ್ಲಿ ಅವನನ್ನು ಇಳಿಸಿ, ಬಾಗಿಲ ತನಕ ಸಿಲಿಂಡರ್ ಎಳೆದುಕೊಂಡು ಹೋಗಿ ಬಿಟ್ಟ.

"ನಾಳೆ ಬರ್ಬೇಡ," ಅಂದ ರಾಯ್‌ಸ್ಟನ್, ತಿರುಗಿ ನೋಡದೆ. "ನಾಳೆ ಬಂದ್ರೆ ಏನಾದ್ರೂ ಅಂದ್ಬಿಡ್ತೀನಿ. ಗುರುವಾರ ಬಾ."

"ಆಗ್ಲಿ."

"ಗುರುವಾರಾನೂ ಅಂದ್ರೂ ಅಂದೇನು."

"ಅನ್ನು," ಅಂದ ಹೆಡ್ಲಿ.

ಒಳಗೆ ದೀಪ ಹತ್ತಿತು. ಹೆಡ್ಲಿ ಹೊರಗೆ ಬಂದು ಗೇಟು ಎಳೆದುಕೊಂಡು ಚಿಲಕ ಸರಿಸಿದ. ಬಿತ್ತೋ ಇಲ್ಲವೋ ಕೈಗೆ ತಿಳಿಯಲಿಲ್ಲ. ಬಗ್ಗಿ, ಮಬ್ಬಿನಲ್ಲಿ ಕಣ್ಣು ಕಿರಿದು ಮಾಡಿ, ಅದು ಬಿದ್ದಿದೆಯೇ ಎಂದು ತುಂಬ ಹೊತ್ತು ನೋಡಿದ.