ಜಾಗ ಸಾಲದೆ ಬಿಟ್ಟ ಸಾಲು

೧

ಈ ಕಥೆಯನ್ನು ಬಾಗಿಲಿನಿಂದ ಶುರು ಮಾಡಲೋ, ಬೋರ್ಡಿನಿಂದಲೋ? ಬಾಗಿಲಿನಿಂದ ಹನ್ನೊಂದು ಸಾವಿರ ಸಲ ಶುರು ಮಾಡಿ ಹರಿದು ಹಾಕಿದ್ದೇನೆ. (ಸರಿ, ಮೂರು ಸಲ. ಆದರೆ ಜೋರಾಗಿ ಹರಿದೆ.) ಬೋರ್ಡೇ ಇರಲಿ.

೨

ಬೋರ್ಡು ಬರೆಯುವವನೊಬ್ಬ. ಅವನು 'ನೂ' ಬರೆದರೆ ಅದರ ಕೊಂಬು ಪಕ್ಕದ ಬೀದಿಗೆ ಚಾಚುತ್ತಿತ್ತು. ನಾಯಿಗಳೂ ನಿಂತು ಓದಿಕೊಂಡು ಹೋಗುತ್ತಿದ್ದವು. ಇಪ್ಪತ್ತೆಂಟು ವರ್ಷಗಳಲ್ಲಿ ಅವನು ಕಲಿತದ್ದು ಇಷ್ಟು: 'ಸೂಚನೆ' ಅಂತ ಬರೆದರೆ ಜನ ಅದಕ್ಕೇ ಒರಗಿಕೊಂಡು ಹರಟುತ್ತಾರೆ. 'ನಿಯಮ' ಅಂದರೆ ಅತ್ತಿತ್ತ ನೋಡಿ ಮುರಿಯುತ್ತಾರೆ. 'ಷರತ್ತು' ಸಣ್ಣಕ್ಷರದಲ್ಲಿ ಬದುಕುವ ಪ್ರಾಣಿ, ಸಹಿ ಹಾಕಿದ ಮೇಲೆ ಕಚ್ಚುತ್ತದೆ. 'ಕಟ್ಟಳೆ' ಅಂದರೆ ಯಾರೋ ಹಿರಿಯರು ಕೆಮ್ಮಿದಂತಾಗುತ್ತದೆ. 'ಕಾನೂನು' ಅಂದರೆ ಮಾತ್ರ ಕಾಲು ತಾನಾಗಿ ಹಿಂದೆ ಸರಿಯುತ್ತದೆ.

೩

ಆಸ್ಪತ್ರೆಯ ಮೇಲ್ವಿಚಾರಕಿ ಒಂದು ವಾರ್ಡಿನ ಬಾಗಿಲಿಗೆಂದು ಕೊಟ್ಟ ಚೀಟಿಯಲ್ಲಿ ಎರಡು ಸಾಲಿತ್ತು: 'ಸಂಜೆ ಆರರ ಮೇಲೆ ಯಾರನ್ನೂ ಒಳಗೆ ಬಿಡದಿರುವುದು ಇಲ್ಲಿನ ಪದ್ಧತಿ. ತುರ್ತಿದ್ದರೆ ಬಾಗಿಲು ತಟ್ಟಿ.'

'ಪದ್ಧತಿ' ಅವನಿಗೆ ಪೇಲವ ಅನ್ನಿಸಿತು. 'ಕಾನೂನು ಪ್ರಕಾರ ಆರರ ಮೇಲೆ ಪ್ರವೇಶವಿಲ್ಲ' ಅಂತ ಕೆಂಪಿನಲ್ಲಿ ಬರೆದ. ಎಷ್ಟು ದೊಡ್ಡದಾಗಿ ಅಂದರೆ, ಎರಡನೆಯ ಸಾಲಿಗೆ ಜಾಗವೇ ಉಳಿಯಲಿಲ್ಲ.

"ಸ್ವಲ್ಪ ಜಾಸ್ತಿ ಆಯ್ತಲ್ವೇನಪ್ಪಾ?" ಎಂದರು ಮೇಲ್ವಿಚಾರಕಿ.

"ಜಾಸ್ತಿ ಆದ್ರೇನೇ ಮೇಡಂ, ಜನ ಬಗ್ಗೋದು."

೪

(ಇಲ್ಲಿ ಒಂದು ಪುಟ ತಮಾಷೆ ಇತ್ತು. ತೆಗೆದುಬಿಟ್ಟೆ.)

ಹದಿನೈದು ದಿನಕ್ಕೆ ಅವನ ಭಾವ ಅದೇ ವಾರ್ಡು ಸೇರಿದರು. ಒಂದು ಸಂಜೆ ಬಸ್ಸು ಕೆಟ್ಟು, ಅಕ್ಕ ಬಂದಾಗ ಆರು ಗಂಟೆ ಹತ್ತು ನಿಮಿಷ. ಕೈಯಲ್ಲಿ ಬಿಸಿ ಹಾಲಿನ ಫ್ಲಾಸ್ಕು. ಬೋರ್ಡು ಓದಿದಳು. ತಮ್ಮನ ಅಕ್ಷರ ಅಂತ ಗುರುತು ಸಿಕ್ಕಿತು. ತಟ್ಟಲಿಲ್ಲ, ಹೊರಟುಬಂದಳು. ಬೆಳಗಾಗುವಷ್ಟರಲ್ಲಿ ಭಾವ ಇರಲಿಲ್ಲ.

೫

ಎರಡು ವರ್ಷವಾಯಿತು. ಅಕ್ಕ ಈಗಲೂ ಅವನಿಗೆ ಊಟ ಬಡಿಸುತ್ತ ಹೇಳುವುದು ಅದನ್ನೇ: "ಕಾನೂನು ಅಂದ್ಮೇಲೆ ಏನ್ ಮಾಡೋಕಾಗತ್ತೆ ಹೇಳೋ. ಇಲ್ದಿದ್ರೆ ಆ ಬಾಗಿಲು ಮುರಿದಾದ್ರೂ ಒಳಗೆ ಹೋಗ್ತಿದ್ದೆ ಕಣೋ ನಾನು."

ಅವಳು ಆ ಪದಕ್ಕೆ ಒರಗಿ ನಿಂತಿದ್ದಾಳೆ. ತಟ್ಟಿದ್ದರೆ ಸಾಕಿತ್ತು, ತೆರೆಯುತ್ತಿದ್ದರು ಎಂಬುದು ಮನೆಯಲ್ಲಿ ಅವನಿಗೊಬ್ಬನಿಗೇ ಗೊತ್ತು.

"ಹೇಳಿಬಿಡು ಮಾರಾಯ," ಎಂದೆ ನಾನು.

"ನಿಮಗೇನ್ರೀ, ಕೂತು ಬರೀತೀರಿ. ಹೇಳಿದ್ರೆ ಅವಳು ಸಾಯೋವರೆಗೂ ಮನಸ್ಸಲ್ಲೇ ಆ ಬಾಗಿಲು ತಟ್ತಾ ಇರ್ತಾಳೆ."

"ಹಾಗಾದರೆ ಎಲ್ಲ ವಿಧಿ ಅಂತ ಬರೆಯಲೇ? ಯಾರ ತಪ್ಪೂ ಇರುವುದಿಲ್ಲ."

"ಬಣ್ಣದ ಡಬ್ಬಿ ಹಿಡ್ಕೊಂಡು ಅಲ್ಲಿಗೆ ಹೋಗಿದ್ದು ವಿಧಿಯಾ? ನಾನು."

ಮೂರು ಲೋಕದಲ್ಲೂ ನನ್ನಷ್ಟು ದೊಡ್ಡ ಬಾಯಿಯವನಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದೆ.

೬

ಮುಕ್ತಾಯ ಒಂದು: ಅವನು ಹೇಳುತ್ತಾನೆ, ಅಕ್ಕ ಕ್ಷಮಿಸುತ್ತಾಳೆ. (ಸುಳ್ಳು. ಅವನನ್ನು ಕ್ಷಮಿಸಬಹುದು, ತಟ್ಟದೆ ಬಂದ ತನ್ನ ಕೈಯನ್ನು?)

ಮುಕ್ತಾಯ ಎರಡು: ಹೇಳುವುದಿಲ್ಲ. ಬೋರ್ಡಿಗೆ ಬಿಳಿ ಬಳಿದು, ಎರಡೂ ಸಾಲನ್ನು ಚೀಟಿಯಲ್ಲಿದ್ದಂತೆಯೇ ಬರೆಯುತ್ತಾನೆ. ಇದನ್ನು ಅವನು ನನ್ನನ್ನು ಕೇಳದೆ ನಿನ್ನೆಯೇ ಮಾಡಿಬಿಟ್ಟ. ಎರಡನೆಯ ಸಾಲು ಕೇಳಿದ ಜಾಗ ನಾಲ್ಕೇ ಬೆರಳು.

ಬರೆದು ಇಳಿದ ಮೇಲೆ ನೆನಪಾಯಿತಂತೆ: ನಾಳೆ ಅಕ್ಕ ಕಣ್ಣು ತೋರಿಸಲು ಅದೇ ಆಸ್ಪತ್ರೆಗೆ ಹೋಗುವವಳು. ಆ ಬಾಗಿಲ ಮುಂದೆಯೇ ದಾರಿ.

೬ (ಮತ್ತೆ)

ಅದಕ್ಕೇ ಈಗ ಅವನು ಅಕ್ಕನ ಮನೆ ಬಾಗಿಲಲ್ಲಿದ್ದಾನೆ. ಜೇಬಿನಲ್ಲಿ ಆ ಹಳೇ ಚೀಟಿ. ಎರಡು ಸಲ ತಟ್ಟಿದ. ಮೂರನೆಯದಕ್ಕೆ ಎತ್ತಿದ ಕೈಯಲ್ಲೇ ಅವನನ್ನು ನಿಲ್ಲಿಸಿ ಕಥೆ ಮುಗಿಸೋಣವೆಂದಿದ್ದೆ. ಓದಿದವರು ಸಾಲಾಗಿ ಮೂರ್ಛೆ ಹೋಗುತ್ತಿದ್ದರು. ಅಕ್ಕ ಕೆಡಿಸಿದಳು.

"ನೀನೇನೋ? ಬಾಗಿಲು ತೆರೆದೇ ಇದೆಯಲ್ಲೋ! ತಟ್ಟೋದೇನು, ಹೊರಗಿನವರ ಹಾಗೆ?"

ಅವನು ತಿರುಗಿ ನನ್ನನ್ನು ನೋಡುತ್ತಿದ್ದಾನೆ, ಒಂದು ಪದ ಕೊಡಿ ಎಂಬಂತೆ. ಇದ್ದವನ್ನೆಲ್ಲ ಮೇಲೆಯೇ ಖರ್ಚು ಮಾಡಿಬಿಟ್ಟೆ, ಪುಟದಲ್ಲೂ ಜಾಗ ಮುಗಿಯುತ್ತಿದೆ. ಒಳಗೆ ತಟ್ಟೆ ಇಡುವ ಸದ್ದು, ಅವಳು ಮತ್ತೆ ಕರೆಯುತ್ತಿದ್ದಾಳೆ, "ಬಾರೋ, ಯಾಕೆ ಅಲ್ಲೇ ನಿಂತೆ