ತೆಮಿಚೆ ಗರಿಯ ಸೂರು

"ಏ ನಾಯಿ, ಕೇಳಿಸ್ಕೋ," ಎಂದಳು ಎವುದೋಸಿಯಾ, ಮನೆಮುಂದಿನ ಅಟ್ಟಣಿಗೆಯ ಮೇಲೆ ಮೀನು ಸೀಳುತ್ತಾ. "ಗರಿಗಳೆಲ್ಲ ಸಮುದ್ರದ ಕಡೆ ಬಾಯಿ ಬಿಟ್ಕೊಂಡಿವೆ. ಗಾಳಿ ಕೈ ಹಾಕಿ ಎತ್ತಿ ಬಿಸಾಕುತ್ತೆ. ಕೆಲವರಿಗೆ ಕಣ್ಣು ನೆತ್ತಿ ಮೇಲಿರುತ್ತೆ ನೋಡು."

ನಾಯಿ ಬಾಲ ಅಲ್ಲಾಡಿಸಿತು. ಸೂರಿನ ಮೇಲೆ ಕೂತಿದ್ದ ಅಳಿಯ ಲಿಬ್ರಾದೊನ ಮೈಯೆಲ್ಲ ಉರಿಯಿತು. ನದೀಮುಖದ ಜೌಗಿನಲ್ಲಿ ಬಾಳುವ ವಾರಾವೊ ಜನರಲ್ಲಿ ಅತ್ತೆ ಅಳಿಯ ಮುಖ ನೋಡಿ ಮಾತಾಡುವ ಹಾಗಿಲ್ಲ. ಏನಿದ್ದರೂ ನಡುವೆ ಹೆಂಡತಿ ಬೇಕು. ಹೆಂಡತಿ ನಿಯೆವೆಸ್ ಬೆಳಿಗ್ಗೆಯೇ ದೋಣಿ ಹತ್ತಿ ಗೆಡ್ಡೆ ಕೀಳಲು ಹೋಗಿದ್ದಳು. ಅತ್ತೆಯ ಮನೆಗೆ ಸೂರು ಹೊದಿಸಿ, ಮೊದಲ ಮಳೆಗೆ ಅದು ಸೋರದಿದ್ದರೆ ಮಾತ್ರ ಅವನು ಖಾಯಂ ಅಳಿಯ. ಸೋರಿತೋ, ಬಂದ ದಾರಿ ಹಿಡಿಯಬೇಕು. ನಿಯೆವೆಸ್ ತಾಯಿಯ ಬಳಿಯೇ ಉಳಿಯುತ್ತಾಳೆ. ಕಡಲಿನ ಮೇಲೆ ಆಗಲೇ ಮೋಡ ಏಳುತ್ತಿತ್ತು.

ಇನ್ನು ನಾಲ್ಕೇ ಗರಿ ಬಾಕಿ. ಜೌಗು ಕಾಡಿನ ತೆಮಿಚೆ ತಾಳೆಯ ಗರಿಯೆಂದರೆ ಆಟವೇ? ಒಂದೊಂದೂ ಮೂರಾಳು ಉದ್ದ. ಅವನ ಊರು ಒಳಗಿನ ಕಾಲುವೆಯ ದಡದಲ್ಲಿ, ಗಾಳಿಯೇ ತಾಕದ ಜಾಗ. ಅಲ್ಲಿ ಯಾವ ತುದಿಯಿಂದ ಹೊದಿಸಿದರೂ ನಡೆಯುತ್ತಿತ್ತು. ಅದೇ ರೂಢಿಯಲ್ಲಿ ಇಲ್ಲಿ ಕಡಲ ತುದಿಯಿಂದ ಶುರು ಮಾಡಿ ಕೆಟ್ಟಿದ್ದ; ಒಂದರ ಮೇಲೊಂದು ಹೊದಿಸಿದ ಗರಿಗಳ ಅಂಚೆಲ್ಲ ಕಡಲ ಗಾಳಿಗೇ ತೆರೆದುಕೊಂಡಿತ್ತು.

"ನಾಯಿ, ಬೆಳಿಗ್ಗೆನೇ ಹೇಳೋಕೆ ಏನಾಗಿತ್ತು ಅಂತ ಕೇಳು," ಎಂದ ಲಿಬ್ರಾದೊ.

"ಹೇಳಿದ್ರೆ ಕೇಳೋ ಮುಖಾನಾ ಅದು ಅಂತ ಹೇಳು, ನಾಯಿ!"

ಸಿಟ್ಟಿನಲ್ಲೂ ಅವನಿಗೆ ನಗು ಬಂತು. ನಾಚಿಕೆ ಬಿಟ್ಟು ಕಟ್ಟುಗಳನ್ನೆಲ್ಲ ಬಿಚ್ಚಿ, ಗರಿಗಳನ್ನು ಕೆಳಗೆ ತಳ್ಳಿದ. ಈಗ ಎತ್ತಿಕೊಡುವವರು ಯಾರು? ಎವುದೋಸಿಯಾ ಚಾಕು ಬದಿಗಿಟ್ಟು ಎದ್ದಳು. ಸೂರಿಗೆ ಬೆನ್ನು ಹಾಕಿ ನಿಂತು, ಒಂದೊಂದೇ ಗರಿಯನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿದಳು. ಅವನು ಮುಖ ತಿರುಗಿಸಿಕೊಂಡೇ ಎಳೆದುಕೊಂಡು, ಈ ಸಲ ಕಾಡಿನ ತುದಿಯಿಂದ ಕಟ್ಟುತ್ತಾ ಬಂದ. ಕಡಲ ತುದಿಯ ಕೊನೆಯ ಗಂಟು ಬಿಗಿಯುವಾಗ ಮೂಗಿನ ಮೇಲೆ ಹನಿ ಬಿತ್ತು.

ಮಳೆಯೋ ಮಳೆ. ಗಾಳಿ ಸೂರನ್ನು ಹಿಡಿದು ಅಲುಗಾಡಿಸಿತು. ಅತ್ತೆ ಆ ಮೂಲೆ, ಅಳಿಯ ಈ ಮೂಲೆ, ಒಬ್ಬರಿಗೊಬ್ಬರು ಬೆನ್ನು ಹಾಕಿ. ಇಬ್ಬರ ಕಿವಿಯೂ ಮೇಲೆಯೇ. ಅಷ್ಟರಲ್ಲಿ ನಿಯೆವೆಸ್ ತೊಪ್ಪೆಯಾಗಿ ಓಡಿಬಂದಳು. ನೆಲವನ್ನೆಲ್ಲ ಅಂಗೈಯಿಂದ ಸವರಿ ನೋಡಿದಳು.

"ಅಮ್ಮಾ, ಎಲ್ಲೂ ಒಂದು ಹನಿ ಇಲ್ಲ ಕಣೇ!"

ಲಿಬ್ರಾದೊ ಉಸಿರು ಬಿಟ್ಟ. ಹೋದ ಜೀವ ಬಂದಂತಾಗಿ ಕಣ್ಣು ತುಂಬಿತು.

ಎವುದೋಸಿಯಾ ಎದ್ದಳು. ನಡುಮನೆಯಲ್ಲಿ ಕಟ್ಟಿದ್ದ ತನ್ನ ಜೋಲಿಯನ್ನು ಬಿಚ್ಚಿ ತಂದು, ಗಾಳಿ ಬಡಿಯುತ್ತಿದ್ದ ಕಡಲ ತುದಿಯ ಕಂಬಗಳಿಗೆ ಕಟ್ಟಿ, ಅಂಗಾತ ಮಲಗಿದಳು. ಸ್ವಲ್ಪ ಹೊತ್ತಿಗೆಲ್ಲ ಮಳೆಯ ಸದ್ದಿನ ನಡುವೆ ಅವಳ ಗೊರಕೆ ಕೇಳಿಸಿತು.