ಪ್ರತಿ ಉಳಿಸದ ಕಮಾಂಡ್

ಆಫೀಸಿನಲ್ಲಿ ಅವನನ್ನು ಎಲ್ಲರೂ ಕರಿಪರದೆ ಎಂದೇ ಕರೆಯುತ್ತಿದ್ದರು. ಮೌಸ್ ಮುಟ್ಟಿದರೆ ಮರ್ಯಾದೆ ಹೋಯಿತೆನ್ನುವಂತೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಕುಟ್ಟುತ್ತಲೇ ಎಲ್ಲ ಕೆಲಸ ಮುಗಿಸುವ ಆಸಾಮಿ. ಅದು ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯ. ವರದಿಗಳನ್ನು ಮೇಲ್ ಮಾಡಲು ಅವನೇ ಒಂದು ಕಮಾಂಡ್ ಬರೆದುಕೊಟ್ಟಿದ್ದ. ಬಾಟಲಿಯ ನಂಬರು ಹೊಡೆದು ಎಂಟರ್ ಒತ್ತಿದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ 'ಕಳಿಸಲಾಗಿದೆ' ಎಂದು ಬರುತ್ತಿತ್ತು. ಅದನ್ನು ಎಲ್ಲರೂ ಹೊಗಳಿದ ದಿನ ಅವನ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಆಗಲೇ ಒಬ್ಬರು ಕೇಳಿದ್ದರು. ಪ್ರಯೋಗಾಲಯದ ಹಿರಿಯ ಸಹಾಯಕಿ, ಎಲ್ಲರಿಗೂ ಅಕ್ಕ.

"ಮೊದಲೆಲ್ಲ ಕಳಿಸಿದ್ದರ ಒಂದು ಪ್ರತಿ ನಮ್ಮ ಹತ್ರಾನೂ ಉಳೀತಿತ್ತು. ಇದರಲ್ಲಿ ಅದೆಲ್ಲಿ ಕೂತಿರುತ್ತಪ್ಪ?"

"ಎಲ್ಲೂ ಇಲ್ಲ ಅಕ್ಕ. ಪ್ರತಿ ಯಾಕೆ? ಕಳಿಸಲಾಗಿದೆ ಅಂತ ಬರುತ್ತಲ್ಲ, ಸಾಲದಾ?"

ಸುತ್ತಲಿದ್ದವರು ನಕ್ಕಿದ್ದರು. ಅಕ್ಕನೂ ನಕ್ಕಿದ್ದರು.

ಎರಡು ವರ್ಷದ ಮೇಲೆ ಒಂದು ಶಾಲೆಯ ಹನ್ನೊಂದು ಮಕ್ಕಳು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಆ ಶಾಲೆಯ ಬಾವಿಯ ನೀರು ಕುಡಿಯಬಾರದು ಎಂಬ ವರದಿಯನ್ನು ವಾರದ ಮುಂಚೆಯೇ ಕಳಿಸಿದ್ದೆ ಎಂದರು ಅಕ್ಕ. ಬಂದೇ ಇಲ್ಲ ಎಂದಿತು ಶಾಲೆ. ತೋರಿಸೋಣವೆಂದರೆ ಪ್ರತಿ ಇಲ್ಲ. ಮಕ್ಕಳೇನೋ ಗುಣವಾಗಿ ಮನೆಗೆ ಹೋದರು, ಅಕ್ಕನ ಕೈಗೆ ಮಾತ್ರ ನೋಟಿಸು ಬಂತು. ಐದು ವಾರದೊಳಗೆ ಲಿಖಿತ ಉತ್ತರ ಕೊಡಬೇಕು, ಒಪ್ಪಿಗೆಯಾಗದಿದ್ದರೆ ಕೆಲಸದಿಂದ ವಜಾ. ಅವರ ನಿವೃತ್ತಿಗೆ ಮೂರು ವರ್ಷ ಬಾಕಿಯಿತ್ತು.

"ಇನ್ನು ಮುಂದೆ ಹೀಗಾಗಬಾರದು. ಪ್ರತಿ ಉಳಿಸೋಕೆ ಏನೇನು ದಾರಿ ಇದೆ, ಬರೆದುಕೊಡಿ," ಎಂದರು ನಿರ್ದೇಶಕರು ಕರಿಪರದೆಗೆ. ಅವನ ಮೇಲೆ ಯಾರೂ ಬೆರಳು ತೋರಿಸಲಿಲ್ಲ. ಬೇಡ ಬೇಡವೆಂದರೂ ಅವನಿಗೆ ಅದರಿಂದ ಹಾಯೆನಿಸಿತು.

ಬರೆಯಲು ಕೂತ. ಕಳಿಸಿದವರಿಗೇ ಇನ್ನೊಂದು ಮೇಲ್ ಹೋಗುವಂತೆ ಮಾಡಬಹುದು, ಆದರೆ ಅದನ್ನು ಯಾರಾದರೂ ಅಳಿಸಿದರೆ ಹೋಯಿತು. ಅವರವರ ಕಂಪ್ಯೂಟರಿನಲ್ಲೇ ಫೈಲಾಗಿ ಇಡಬಹುದು, ಡಿಸ್ಕ್ ಕೆಟ್ಟರೆ ಅದೂ ಹೋಯಿತು. ಮೇಲ್ ಸಾಗಿಸುವ ಸರ್ವರಿನಲ್ಲೇ ಕಳಿಸಿದವುಗಳ ಫೋಲ್ಡರಿಗೆ ಸೇರಿಸುವುದೇ ಮೇಲು. ಸರಿ, ಆ ಪ್ರತಿಯನ್ನು ಯಾವಾಗ ಸೇರಿಸಬೇಕು? ಮೇಲ್ ಹೋಗುವ ಮುಂಚೆ ಸೇರಿಸಿದರೆ, ಹೋಗದೇ ಇದ್ದದ್ದೂ ಹೋದ ಹಾಗೆ ಕೂತಿರುತ್ತದೆ. ಹೋದ ಮೇಲೆಯೇ ಸೇರಿಸಬೇಕು. ಹೋಯಿತೆಂದು ಕಮಾಂಡಿಗೆ ಹೇಗೆ ಗೊತ್ತಾಗುತ್ತದೆ? ಸರ್ವರ್ 'ಸಿಕ್ಕಿತು' ಎಂದು ಉತ್ತರ ಕೊಡುತ್ತದಲ್ಲ, ಅದನ್ನು ಕೇಳಿಸಿಕೊಂಡರಾಯಿತು. ಎಲ್ಲಿ ಕೇಳಿಸಿಕೊಳ್ಳುತ್ತದೆಂದು ನೋಡಲು ತಾನೇ ಬರೆದ ಕಮಾಂಡಿನ ಹಳೆಯ ಸಾಲುಗಳನ್ನು ತೆರೆದ.

ಎಲ್ಲಿಯೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಆಗ ಅವನಿಗೆ ನೆನಪಾಯಿತು. ಶುರುವಿನಲ್ಲಿ ಉತ್ತರ ಬರಲು ಐದಾರು ಸೆಕೆಂಡು ಹಿಡಿಯುತ್ತಿತ್ತು. ಇದೇನು ಆಮೆಯ ಥರ ಎಂದು ಯಾರೋ ಮೂಗು ಮುರಿದಿದ್ದರು. ಆ ಒಂದು ಮಾತಿಗೆ, ತನ್ನ ಕಮಾಂಡ್ ಚುರುಕಾಗಿ ಕಾಣಲಿ ಎಂದು ಉತ್ತರಕ್ಕೆ ಕಾಯುವುದನ್ನೇ ತೆಗೆದು, 'ಕಳಿಸಲಾಗಿದೆ' ಎನ್ನುವ ಸಾಲನ್ನು ಮೊದಲಿಗೇ ತಂದಿಟ್ಟಿದ್ದ. ನೆಟ್‌ವರ್ಕ್ ಕೇಬಲನ್ನು ಕಿತ್ತು ಒಂದು ನಂಬರು ಹೊಡೆದು ನೋಡಿದ. ಕಿತ್ತ ಕೇಬಲು ಕೈಯಲ್ಲಿರುವಾಗಲೇ ಪರದೆ 'ಕಳಿಸಲಾಗಿದೆ' ಎಂದಿತು.

ಶಾಲೆಯ ವರದಿಯನ್ನು ಹನ್ನೊಂದೂವರೆಗೆ ಕಳಿಸಿದೆ ಎಂದು ಅಕ್ಕ ಹೇಳುತ್ತಲೇ ಬಂದಿದ್ದರು. ಆ ದಿನ ಹನ್ನೊಂದರಿಂದ ಹನ್ನೆರಡರವರೆಗೆ ಸರ್ವರನ್ನು ದುರಸ್ತಿಗೆಂದು ನಿಲ್ಲಿಸಿದ್ದವನೂ ಅವನೇ.

ಕಿವಿಯವರೆಗೂ ಬಿಸಿಯೇರಿತು. ಆಚೀಚೆ ನೋಡಿ, ಯಾರೂ ಗಮನಿಸುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಆ ಸಾಲನ್ನು ಸದ್ದಿಲ್ಲದೆ ಸರಿಪಡಿಸಿದ. ಇದನ್ನೂ ಮುಚ್ಚಿಡದೆ ಹೇಳಬೇಕು, ಅವನು ಮೊದಲು ಮಾಡಿದ್ದು ಅದನ್ನೇ. ಮನೆಗೆ ಹೋದವನು ಊಟದ ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಕೂತ.

"ಯಾರು ಏನಂದ್ರು?" ಎಂದಳು ಹೆಂಡತಿ.

"ಯಾರೂ ಏನೂ ಅನ್ನಲಿಲ್ಲ," ಎಂದ. ಆ ಮಾತೇ ಅವನನ್ನು ಹಿಂಡಿತು.

ಮರುದಿನ ಬೆಳಿಗ್ಗೆ ಹೋದಾಗ ಅಕ್ಕ ಒಬ್ಬರೇ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದರು. ಪಕ್ಕದಲ್ಲಿ ನೋಟಿಸಿಗೆ ಬರೆದ ಉತ್ತರ, ಸಹಿಯೂ ಆಗಿತ್ತು. 'ಕೆಲಸದ ಒತ್ತಡದಲ್ಲಿ ಕಳಿಸಲು ಮರೆತಿರಬಹುದು' ಎಂದಿತ್ತು.

"ಅಕ್ಕ, ಇದೇನು ಹೀಗೆ ಬರೆದಿದ್ದೀರಿ?"

"ಎಲ್ಲರೂ ಕಳಿಸಿಲ್ಲ ಕಳಿಸಿಲ್ಲ ಅಂತಿದ್ರೆ ನನಗೇ ಅನುಮಾನ ಬಂದುಬಿಡ್ತು ಕಣಪ್ಪ. ಈಗ ಮನೇಲಿ ಒಲೆ ಆರಿಸಿದ್ನೋ ಇಲ್ವೋ ಅಂತ ಮೂರು ಮೂರು ಸಲ ಹೋಗಿ ನೋಡ್ತೀನಿ. ವಯಸ್ಸಾಯ್ತು, ಮರೆತಿರ್ತೀನಿ."

ಅವನು ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟ. ಸರ್ವರ್ ನಿಂತಿದ್ದು, ಆ ಸಾಲನ್ನು ಮೊದಲಿಗೆ ತಂದದ್ದು, ಯಾತಕ್ಕೆ ತಂದದ್ದು, ನಿನ್ನೆ ಕದ್ದು ಸರಿಪಡಿಸಿದ್ದು. ಕೆನ್ನೆಗೆ ಎರಡು ಬಾರಿಸಿದ್ದರೆ ಹಗುರಾಗುತ್ತಿತ್ತು. ಅಕ್ಕ ಬಾರಿಸಲಿಲ್ಲ. ಸಹಿ ಮಾಡಿದ ಕಾಗದವನ್ನು ಎತ್ತಿಕೊಂಡು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು.

"ಸರ್ವರ್ ನಿಂತಿದ್ದು ಅದೊಂದೇ ದಿನಾನಾ?"

"ಅಲ್ಲ ಅಕ್ಕ. ಎರಡು ವರ್ಷದಲ್ಲಿ ಎಷ್ಟೋ ಸಲ."

"ಹಾಗಾದ್ರೆ ಇನ್ನೂ ಎಷ್ಟು ವರದಿ ಹೋಗಿಲ್ಲ?"

ಈ ಪ್ರಶ್ನೆ ಅವನ ತಲೆಗೆ ಬಂದೇ ಇರಲಿಲ್ಲ. ರಾತ್ರಿಯಿಡೀ ಅವನು ಯೋಚಿಸಿದ್ದು ತನ್ನ ಮುಖ ಉಳಿಸಿಕೊಳ್ಳುವುದನ್ನು, ಬಹಳವೆಂದರೆ ಅಕ್ಕನ ಕೆಲಸ ಉಳಿಸುವುದನ್ನು.

"ಗೊತ್ತಿಲ್ಲ," ಎಂದ. "ಯಾವುದರ ಪ್ರತಿಯೂ ಇಲ್ಲ."

ಅಕ್ಕ ಬೀರುವಿನಿಂದ ಪರೀಕ್ಷೆಯ ದಪ್ಪ ರಿಜಿಸ್ಟರನ್ನು ತೆಗೆದು ಅವನ ಮುಂದಿಟ್ಟು, ಎರಡು ವರ್ಷದ ಹಿಂದಿನ ಪುಟ ತೆರೆದರು.

"ನಿರ್ದೇಶಕರಿಗೆ ನಾನು ಹೇಳ್ತೀನಿ. ನೀನು ಕೂತ್ಕೊ. ಕುಡಿಯಬಾರದು ಅಂತ ಬರೆದಿರೋ ಕಡೆಗೆಲ್ಲ ಫೋನ್ ಮಾಡು. ನಮ್ಮ ವರದಿ ಬಂದಿತ್ತಾ, ಈಗ ಯಾವ ನೀರು ಕುಡೀತಿದ್ದೀರಿ ಅಂತ ಕೇಳು."

ಮೊದಲನೆಯದು ಒಂದು ಬಾಣಂತಿಯರ ವಾರ್ಡು. ಅವನು ನಂಬರು ಒತ್ತಿದ. ಅತ್ತಲಿಂದ ನರ್ಸೊಬ್ಬಳು ಹಲೋ ಎಂದಳು, ಹಿಂದೆ ಕೂಸೊಂದು ಅಳುತ್ತಿತ್ತು. ವರದಿಯ ವಿಷಯ ಕೇಳಿ ಆಕೆ ಸ್ವಲ್ಪ ಹೊತ್ತು ಹುಡುಕಿದಳು.

"ಯಾವ ವರದಿ ಸರ್?" ಎಂದಳು.